ಕಿವಿಯ ನುಡಿ, ಕಣ್ಣಿನ ನುಡಿ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ಹಿರಿಯರ ಮಾತು. ಭದ್ರಾವತಿಯವರಿಗೆ ದೇಶ ಸುತ್ತುವ ಶ್ರಮವೇ ಬೀಳಲಿಲ್ಲ. ದೇಶವೇ ಅವರ ಬಾಗಿಲಿಗೆ ಬಂದಿತು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿದ ಮೇಲೆ ತಮಿಳರು, ತೆಲುಗರು, ಮಲೆಯಾಳಿಗಳು ದುಡಿಮೆಯನ್ನರಸಿ ಬಂದು ಅಲ್ಲಿ ನೆಲೆಸಿದರು. ಅಂಥ ಊರಿನಲ್ಲಿ ಮಕ್ಕಳು ಓಣಿಯಲ್ಲಿ ಆಡುತ್ತಾಡುತ್ತಲೇ ಎರಡು ಮೂರು ಭಾಷೆಗಳನ್ನು ಕಲಿತುಬಿಡುವರು. ಅದಕ್ಕೆ ವ್ಯಾಕರಣವೂ ಬೇಡ, ಉಪಾಧ್ಯಾಯರೂ ಬೇಡ. ಅದು ಕಿವಿಯಿಂದ ಕಲಿತ ನುಡಿ.

ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗೆಯಲ್ಲಿ ಗೃಹಸ್ಥರೊಬ್ಬರು ನಡುವಯಸ್ಸಿನಲ್ಲಿ ಫ್ರೆಂಚ್ ಓದಲು ಕಲಿಯಹೊರಟರೆನ್ನಿ. ಅವರಿಗೆ ಫ್ರೆಂಚ್ ಮಾತನಾಡುವ ಓಣಿ ಎಲ್ಲಿ ಸಿಕ್ಕೀತು? "ಇದೇನೂಂದ್ರೆ, ಈ ವಯಸ್ಸಿನಲ್ಲಿ ಫ್ರಾನ್ಸಿಗೆ ಹೊರಟಿರಾ?" ಎಂದು ಮನೆಯಾಕೆ ನಕ್ಕರೂ ನಕ್ಕಾರು. ಅವರ ಪಾಲಿಗೆ ಉಳಿದುದು ಕೋಶ ಮಾತ್ರ. ಬರಿಯ ಕಣ್ಣಿನಿಂದ ಕಲಿತ ನುಡಿಗೆ ಬೆಲೆಯುಂಟೆ?

ಉಂಟು. ಬರೆದಂತೆ ಓದುವ ಅಭ್ಯಾಸವುಳ್ಳ ಕನ್ನಡಿಗನಿಗೆ ಫ್ರೆಂಚಿನ ಕಾಗುಣಿತ ಮೊದಲು ದಿಗಿಲು ಹುಟ್ಟಿಸುವುದು ನಿಜ. ಪದದ ಕೊನೆಯ ಅಕ್ಷರಗಳನ್ನು ನಾಲಗೆ ಎಷ್ಟೋ ಸಲ ನುಂಗಿಬಿಡುತ್ತದೆ. 'ಪುಸ್ತಕ' ಎಂಬುದಕ್ಕೂ 'ಪುಸ್ತಕಗಳು' ಎಂಬುದಕ್ಕೂ ಇರುವ ಫ್ರೆಂಚ್ ಪದಗಳು ಕೇಳುವುದಕ್ಕೆ ಒಂದೇ. ಆದರೆ ನಾಲಗೆ ನುಂಗಿದ ಆ ಬಹುವಚನದ ಅಕ್ಷರ ಕಾಗದದ ಮೇಲೆ ಹಾಗೆಯೇ ಉಳಿದಿರುತ್ತದೆ. ಕಿವಿಗೆ ಕಷ್ಟವಾದುದು ಕಣ್ಣಿಗೆ ಸುಲಭ.

ಇನ್ನು ಲಿಂಗದ ತೊಡಕು. ಆ ಭಾಷೆಯ ನಾಮಪದಗಳಲ್ಲಿ ನಪುಂಸಕಲಿಂಗವೇ ಇಲ್ಲ. ಪುಸ್ತಕ ಪುಲ್ಲಿಂಗ, ಮೇಜು ಸ್ತ್ರೀಲಿಂಗ! ಹಿಂದಿ ಪರೀಕ್ಷೆಗೆ ಕುಳಿತವರಿಗೆ ಈ ಸಂಕಟ ಹೊಸದಲ್ಲ. ನಾಮಪದವನ್ನು ಅದರ ಹಿಂದೆ ಬರುವ ಗುರುತುಪದದೊಡನೆಯೇ ಬಾಯಿಪಾಠ ಮಾಡುವುದು ಇದಕ್ಕೆ ಮದ್ದು.

ಇಂಗ್ಲಿಷ್ ಬಲ್ಲವರಿಗೆ ಸಾವಿರಾರು ಪದಗಳು ಪರಿಚಿತವಾಗಿ ಕಾಣುವುವು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿಗೆ ಹರಿದುಹೋದ ಸಂಪತ್ತು ಅದು. ಆದರೂ ಎಚ್ಚರ ಬೇಕು. ಕಾಲೇಜಿನ 'ಲೆಕ್ಚರ್' ಎಂಬ ಪದ ಫ್ರೆಂಚಿನಲ್ಲಿ ಅದೇ ಅಕ್ಷರಗಳಲ್ಲಿ ಕಂಡರೆ, ಅದರ ಅರ್ಥ ಉಪನ್ಯಾಸವಲ್ಲ, ಓದು!

ಇಂಗ್ಲಿಷ್ ಕೊಡಲಾರದ ಸಹಾಯವೊಂದನ್ನು ಕನ್ನಡ ಕೊಡುತ್ತದೆ. ಫ್ರೆಂಚಿನಲ್ಲಿ 'ನೀನು' ಎನ್ನಲು 'ತ್ಯು', 'ನೀವು' ಎನ್ನಲು 'ವೂ' ಎಂಬ ಬೇರೆ ಬೇರೆ ಪದಗಳಿವೆ. ಇಂದಿನ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಪದ. ಬೋದಿಲೇರ್ ಕವಿಯ ಕವನಸಂಗ್ರಹ 1857ರಲ್ಲಿ ಪ್ರಕಟವಾದಾಗ ನ್ಯಾಯಾಲಯ ಅವನಿಗೆ ದಂಡ ವಿಧಿಸಿ, ಆರು ಕವನಗಳನ್ನು ನಿಷೇಧಿಸಿತು. ಆ ಸಂಗ್ರಹದ ಮೊದಲ ಕವನದಲ್ಲೇ ಅವನು ಓದುಗನನ್ನು 'ತ್ಯು' ಎಂದು ಏಕವಚನದಲ್ಲಿ ಸಂಬೋಧಿಸುತ್ತಾನೆ. ಅದು ಸಲಿಗೆಯೋ, ಸವಾಲೋ? ಇಂಗ್ಲಿಷಿನ ಮೂಲಕ ಬಂದವನಿಗೆ ಈ ಪ್ರಶ್ನೆಯೇ ಏಳದು. ಹೆಂಡತಿಯ 'ನೀವು', ತಾಯಿಯ 'ನೀನು' ಎರಡನ್ನೂ ಒಂದೇ ಮನೆಯಲ್ಲಿ ಕೇಳುವ ಕನ್ನಡಿಗನಿಗೆ ಅದು ಕೂಡಲೆ ನಾಟುತ್ತದೆ.

ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರು ಬೋದಿಲೇರನ ಕವನಗಳನ್ನು 'ಪಾಪದ ಹೂಗಳು' ಎಂಬ ಹೆಸರಿನಲ್ಲಿ 1974ರಲ್ಲಿ ಕನ್ನಡಕ್ಕೆ ತಂದರು. ಹೊಸಬರು ಸರಳವಾದ ಗದ್ಯದಿಂದ ಆರಂಭಿಸಿ, ದಿನಕ್ಕೆ ಹತ್ತು ಸಾಲು ಓದಲಿ. ಅರ್ಥವನ್ನು ಮೊದಲು ಊಹಿಸಿ, ಬಳಿಕ ಕೋಶ ತೆರೆಯಲಿ. ಒಂದೆರಡು ವರ್ಷ ಹೀಗೆ ನಡೆದರೆ, ಕನ್ನಡದ ಆ ಹೊತ್ತಗೆಯನ್ನು ಮೂಲದ ಪಕ್ಕದಲ್ಲಿರಿಸಿಕೊಂಡು ಕುಳಿತುಕೊಳ್ಳುವ ಧೈರ್ಯ ಬಂದೀತು. ಕವಿಯ ಅನುವಾದ ಪದಕ್ಕೆ ಪದ ಒಪ್ಪಿಸುವ ಕೈಪಿಡಿಯಲ್ಲ. ಆದರೂ ಕತ್ತಲಲ್ಲಿ ಜೊತೆಗೊಬ್ಬರಿದ್ದಂತೆ.

ಆಗ ಮನೆಯಾಕೆಯ ಪ್ರಶ್ನೆಗೆ ಗೃಹಸ್ಥರಲ್ಲಿ ಉತ್ತರವಿರುತ್ತದೆ. ಹೊರಟದ್ದು ಫ್ರಾನ್ಸಿಗಲ್ಲ, ಎಂದೋ ಒಬ್ಬ ಕವಿ 'ನೀನು' ಎಂದು ಕರೆದನಲ್ಲ, ನಡುವೆ ದುಭಾಷಿಯಿಲ್ಲದೆ ಆ ಕರೆಗೆ ಓಗೊಡುವುದಕ್ಕೆ.