ಪಾಕವಿಚಾರ

ಕಳೆದ ತಿಂಗಳು ಬಬಲೇಶ್ವರದ ನಮ್ಮ ಹಳೆಯ ಶಿಷ್ಯನೊಬ್ಬನು ವಿಜಯಪುರದ ನಮ್ಮ ಮನೆಗೆ ಬಂದಿದ್ದನು. ಅವನು ದೂರದ ಪ್ರಯೋಗಶಾಲೆಯೊಂದರಲ್ಲಿ ಸೂಪರ್‌ಕಂಡಕ್ಟರ್, ಅಂದರೆ ಅತಿವಾಹಕ ಪದಾರ್ಥದ ತೆಳುಪೊರೆಗಳನ್ನು ಬೆಳೆಸುತ್ತಾನೆ. “ಎಂಟು ತಿಂಗಳು ದುಡಿದು ಬೆಳೆಸಿದ ಪೊರೆಯನ್ನು ಎಸೆಯಹೋಗಿದ್ದೆನ್ರಿ, ಗುರುಗಳೇ” ಎಂದನು.

ವಾಚಕರಿಗೆ ವಿಷಯವನ್ನು ತುಸು ಅರಿಕೆ ಮಾಡುವೆವು. ವಿದ್ಯುತ್ತನ್ನು ಎಳ್ಳಷ್ಟೂ ತಡೆಯದೆ ಹರಿಯಗೊಡುವುದೇ ಅತಿವಾಹಕದ ಗುಣ. ೧೯೧೧ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಪಂಡಿತರು ಇದನ್ನು ಪಾದರಸದಲ್ಲಿ, ಸೊನ್ನೆಗಿಂತ ೨೬೯ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಂಡರು. ೧೯೮೭ರಲ್ಲಿ ಯಿಟ್ರಿಯಮ್, ಬೇರಿಯಮ್, ತಾಮ್ರ, ಆಮ್ಲಜನಕಗಳು ಕೂಡಿದ ಪಿಂಗಾಣಿಯಂಥ ವಸ್ತುವೊಂದು ಸೊನ್ನೆಗಿಂತ ಸುಮಾರು ೧೮೦ ಡಿಗ್ರಿ ಕೆಳಗೇ ಆ ಗುಣವನ್ನು ತೋರಿತು; ದ್ರವ ಸಾರಜನಕದ ತಂಪೇ ಅದಕ್ಕೆ ಸಾಕು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾಯರೂ ಅವರ ಸಂಗಡಿಗರೂ ಆ ಮಿಶ್ರಣದೊಳಗೆ ಈ ಗುಣಕ್ಕೆ ಕಾರಣವಾದ ಅಂಶವಾವುದೆಂದು ಗುರುತಿಸಿ ಪ್ರಕಟಿಸಿದರು.

ಇದರ ಪೊರೆಯನ್ನು ಬೆಳೆಸುವುದು ಬಲು ನಾಜೂಕಿನ ಪಾಕ. ಲೇಸರ್ ಕಿರಣವು ತಾಗಿದ ಬಿಲ್ಲೆಯಿಂದೆದ್ದ ಆವಿಯು ಸುಮಾರು ೭೫೦ ಡಿಗ್ರಿ ಕಾದ ಹರಳಿನ ಮೇಲೆ ಕೂಡುವುದು. ಕಾವು ಸಾಲದಿದ್ದರೆ ಕಣಗಳು ಅಡ್ಡಾದಿಡ್ಡಿಯಾಗಿ ನಿಂತು, ಅವುಗಳ ಸಂದಿನಲ್ಲಿ ಪ್ರವಾಹವು ಕುಗ್ಗುವುದು. ಮಿತಿಮೀರಿದರೆ ಪೊರೆಯು ಅಡಿಯ ಹರಳಿನೊಡನೆ ಬೆರೆತು ಕೆಡುವುದು. ಇಷ್ಟು ಸರಿಹೋದರೂ ಕೆಲಸ ಮುಗಿಯದು. ಆಮ್ಲಜನಕದ ನಡುವೆ ಮೆಲ್ಲಮೆಲ್ಲನೆ ತಣಿಸಬೇಕು. ಆಗ ಒಂದೊಂದು ಸೂತ್ರಕ್ಕೆ ಅದರ ಪರಮಾಣುಗಳು ಏಳರ ಸಮೀಪಕ್ಕೆ ಬರುವುವು. ಆರಕ್ಕೇ ನಿಂತರೆ ಅದೇ ವಸ್ತುವು ವಿದ್ಯುತ್ತಿಗೆ ಗೋಡೆಯಾಗುವುದು!

ಶಿಷ್ಯನ ಪೊರೆಯು ಹೀಗೆ ಗೋಡೆಯಾಗಿತ್ತು. ಎಸೆಯುವ ಮುನ್ನ ಹಿರಿಯರೊಬ್ಬರು ಕ್ಷ-ಕಿರಣದಿಂದ ಪರೀಕ್ಷಿಸಹೇಳಿದರು. ಕಣಗಳ ಸಾಲು ನೆಟ್ಟಗಿತ್ತು. ತಣಿಸುವಲ್ಲಿ ಮಾತ್ರ ಆತುರವಾಗಿತ್ತು. ಸಾಲು ಕೆಟ್ಟಿದ್ದರೆ ಉಪಾಯವಿರಲಿಲ್ಲ. ಮರಳಿ ಸುಮಾರು ೪೫೦ ಡಿಗ್ರಿಗೆ ಕಾಯಿಸಿ, ತಾಸುಗಟ್ಟಲೆ ಆಮ್ಲಜನಕವನ್ನು ಉಣಿಸಲು, ಅದೇ ಪೊರೆಯು ಅತಿವಾಹಕವಾಯಿತು.

ಅವನು ನಗುತ್ತ ಹೇಳಿದನು. ನಮಗೆ ನಗೆ ಬರಲಿಲ್ಲ. ತಿಕೋಟಾದ ಬಳಿಯ ಶಾಲೆಯೊಂದರಲ್ಲಿ ನಾವು ಸಂಸ್ಕೃತ ಕಲಿಸುತ್ತಿದ್ದಾಗ, ಒಬ್ಬ ಹುಡುಗನ ಎದುರಿಗೇ ಅವನ ತಂದೆಗೆ, “ಇವನು ಬರಿಯ ಗೋಡೆ, ದ್ರಾಕ್ಷಿಯ ತೋಟಕ್ಕೆ ಹಚ್ಚಿರಿ” ಎಂದಿದ್ದೆವು. ಹುಡುಗನು ಮರುದಿನದಿಂದ ಬರಲಿಲ್ಲ. ಅವನಲ್ಲಿ ಸಾಲು ಕೆಟ್ಟಿತ್ತೋ, ಉಸಿರು ಮಾತ್ರ ಸಾಲದೆ ಹೋಗಿತ್ತೋ, ನಾವು ಪರೀಕ್ಷಿಸಲೇ ಇಲ್ಲ.

ಪಾಕವೆಂದರೆ ಅಡಿಗೆಯಷ್ಟೇ ಅಲ್ಲ, ಮಗುವೆಂಬ ಅರ್ಥವೂ ಅಮರಕೋಶದಲ್ಲಿ ಉಂಟು. ಮೂವತ್ತು ವರ್ಷ ಅದನ್ನು ಬಾಯಿಪಾಠ ಮಾಡಿಸಿದ ನಮಗೆ ಅದರ ಅರ್ಥವು ಈಗ ತಿಳಿಯಿತು. ಮನೆಯಲ್ಲಿ ಮಕ್ಕಳುಳ್ಳ ವಾಚಕರಿಗೆ ಇಷ್ಟು ತಡವಾಗದಿರಲಿ.