ಬದುಕಿರುವವರಿಗೆ ಮರಣಪತ್ರ

ರಾಮ್ ರೆಡ್ಡಿಯವರ 'ತಿಥಿ' (2015) ಚಿತ್ರದಲ್ಲಿ ತಮ್ಮಣ್ಣ ಐದು ಎಕರೆ ಜಮೀನಿಗಾಗಿ ಬದುಕಿರುವ ತಂದೆ ಗಡ್ಡಪ್ಪನ ಹೆಸರಿಗೆ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ಊರು ಬಿಟ್ಟ ಆ ಮುದುಕನಿಗೆ ಆತ್ಮೀಯತೆ ಸಿಗುವುದು ಅಲೆಮಾರಿ ಕುರಿಗಾಹಿಗಳ ಬಿಡಾರದಲ್ಲಿ. ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕಿದ್ದು ಯಾರನ್ನು ನೋಡಿ ಎಂಬುದೇ ನಮ್ಮ ಪ್ರಶ್ನೆ.

ಇದು ಮಂಡ್ಯದ ಹಳ್ಳಿಯೊಂದರ ಕಥೆ ಮಾತ್ರವಲ್ಲ. ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ, ಲೇತ್ ಶೆಡ್ಡುಗಳ ನಡುವೆ ದುಡಿದು ಪುಟ್ಟ ಮನೆ ಕಟ್ಟಿದ ತಂದೆ ಪತ್ನಿಯನ್ನು ಕಳಕೊಂಡು ಮರುಮದುವೆಯ ಮಾತೆತ್ತಲಿ. 'ಈ ವಯಸ್ಸಲ್ಲಿ ಇದೆಲ್ಲ ಬೇಕಾ?' ಎಂದು ಮಕ್ಕಳು ಸಿಡುಕುತ್ತಾರೆ. ವಿಧವೆ ತಾಯಿಯಂತೂ ಬಾಯಿಯೇ ತೆರೆಯುವಂತಿಲ್ಲ. ಮರ್ಯಾದೆ ಬರೀ ನೆಪ, ಭಯವಿರುವುದು ಪಾಲಿನದು. ಮಕ್ಕಳಿರುವಾತ ತೀರಿಕೊಂಡರೆ ಪತ್ನಿಗೆ ಕುರ್‌ಆನ್ ನಿಗದಿಪಡಿಸಿದ್ದು ಎಂಟನೇ ಒಂದಂಶ. ಅಷ್ಟಕ್ಕಾಗಿ ತಂದೆಯ ಇಡೀ ಮುಪ್ಪನ್ನು ಒಂಟಿತನಕ್ಕೆ ತಳ್ಳುವುದೇ?

ಸಂಗಾತಿಯಿಲ್ಲದವರಿಗೆ ವಿವಾಹ ಮಾಡಿಸಬೇಕೆಂಬ ಕುರ್‌ಆನಿನ ಆದೇಶಕ್ಕೆ (24:32) ವಯೋಮಿತಿಯಿಲ್ಲ. ಖದೀಜರ(ರ) ನಿಧನದ ಬಳಿಕ ಪ್ರವಾದಿ(ಸ) ವಿಧವೆಯಾಗಿದ್ದ ಸೌದಾರನ್ನು(ರ) ವರಿಸಿದರು. ಮಸೀದಿಯಲ್ಲಿ ಇದನ್ನು ಕೇಳಿ ತಲೆದೂಗುವವರು ಮನೆಗೆ ಬಂದೊಡನೆ ತಮ್ಮಣ್ಣರಾಗುವುದೇಕೆ? 2007ರ ಹಿರಿಯ ನಾಗರಿಕರ ಕಾಯ್ದೆ ಅನ್ನ, ಬಟ್ಟೆ, ಔಷಧಿ ಕೊಡಿಸಬಲ್ಲದು, ಸಂಗಾತಿಯನ್ನಲ್ಲ. ಆ ಹೊಣೆ ಮಕ್ಕಳದ್ದು. ಅದನ್ನು ನಿರಾಕರಿಸುವುದೆಂದರೆ ಬದುಕಿರುವ ಹೆತ್ತವರಿಗೆ ಮರಣಪತ್ರ ಬರೆದಂತೆಯೇ ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.