ಇಂಟರ್‌ವಲ್ ಮಾತು: ಮುಂದಿನ ಸಾಲಿನ ಆ ಹುಡುಗ



ಈ ವಾರ ಯಾವ ತಾರೆಯ ಗುಟ್ಟೂ ಇಲ್ಲ, ಯಾವ ಚಿತ್ರದ ಕಲೆಕ್ಷನ್ ಲೆಕ್ಕವೂ ಇಲ್ಲ. ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ. ಓದಿ ಬೈಯುವುದಾದರೆ ಬೈದುಬಿಡಿ, ಬೇಜಾರಿಲ್ಲ.

ನಮ್ಮೂರ ಟಾಕೀಸಿನಲ್ಲಿ ಹಳೆಯ ಹಿಟ್ ಚಿತ್ರವೊಂದು ಮತ್ತೆ ತೆರೆಗೆ ಬಂದಿತ್ತು. ಮ್ಯಾಟಿನಿ ಶೋ, ಹೌಸ್‌ಫುಲ್. ನನ್ನ ಮುಂದಿನ ಸಾಲಿನಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ನಾಯಕ ಬಾಯಿ ತೆಗೆಯುವ ಮೊದಲೇ ಇವನ ಬಾಯಿಂದ ಡೈಲಾಗು! ನಾಯಕನ ಗುಡುಗು, ಖಳನ ನಗು, ತಾಯಿಯ ಅಳು, ಎಲ್ಲಾ ಅವರವರ ದನಿಯಲ್ಲೇ. ಒಂದಕ್ಷರ ಆಚೀಚೆ ಇಲ್ಲ. ಫೈಟು ಶುರುವಾದರೆ ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದ. ಹಿಂದಿನಿಂದ ಯಾರೋ, "ಲೇ ಹುಚ್ಚಾ, ಸುಮ್ನೆ ಕೂತ್ಕೊಳ್ಳೋ!" ಅಂತ ಕೂಗಿದರು. ಇಡೀ ಟಾಕೀಸು ನಕ್ಕಿತು. ಸುಳ್ಳು ಯಾಕೆ ಹೇಳಲಿ? ನಾನೂ ನಕ್ಕೆ.

ಇಂಟರ್‌ವಲ್‌ನಲ್ಲಿ ಟೀ ಕುಡಿಯುವಾಗ ಆ ಹುಡುಗನ ಅಣ್ಣ ಪಕ್ಕದಲ್ಲೇ ನಿಂತಿದ್ದ. ಕೋಪ ಮಾಡಲಿಲ್ಲ. ಮೆಲ್ಲಗೆ ಹೇಳಿದ: "ಅವನಿಗೆ ಆಟಿಸಂ ಸಾರ್. ಸ್ವಂತ ಮಾತು ಕಮ್ಮಿ. ಹಸಿವಾದ್ರೆ, ಈ ಪಿಕ್ಚರ್‌ನಲ್ಲಿ ಹೀರೋ ಅಮ್ಮನ ಹತ್ರ ಊಟ ಕೇಳ್ತಾನಲ್ಲ, ಆ ಡೈಲಾಗ್ ಹೇಳ್ತಾನೆ. ಹೆದರಿಕೆ ಆದ್ರೆ ಕ್ಲೈಮ್ಯಾಕ್ಸ್ ಡೈಲಾಗ್. ನೀವೆಲ್ಲಾ ನಕ್ಕಿದ್ರಲ್ಲ... ಆಗ್ಲಿಂದ ಬರೀ ಕ್ಲೈಮ್ಯಾಕ್ಸೇ ಹೇಳ್ತಾ ಇದಾನೆ."

ಇಂಟರ್‌ವಲ್ ಮುಗಿದಾಗ ಮುಂದಿನ ಸಾಲಿನಲ್ಲಿ ಎರಡು ಸೀಟು ಖಾಲಿ. ಮಿಕ್ಕ ಸಿನಿಮಾ ಏನಾಯಿತೋ ನನಗೆ ಗೊತ್ತಿಲ್ಲ.

ತಮಾಷೆ ಏನು ಗೊತ್ತೇ? ಆಟಿಸಂ ಅಂದರೆ ಏನೆಂದು ನನಗೆ ಗೊತ್ತಿದೆ ಅಂತಲೇ ನಾನು ತಿಳಿದಿದ್ದೆ. ಹೇಗೆ? ಸಿನಿಮಾದಿಂದ! 1988ರಲ್ಲಿ ಬಂದ 'ರೈನ್ ಮ್ಯಾನ್' ನೆನಪಿರಬೇಕು. ಡಸ್ಟಿನ್ ಹಾಫ್‌ಮನ್ ಅಣ್ಣ, ಟಾಮ್ ಕ್ರೂಸ್ ತಮ್ಮ. ನೆಲಕ್ಕೆ ಬಿದ್ದ ಕಡ್ಡಿಗಳನ್ನು ನೋಡಿದ ಕ್ಷಣದಲ್ಲೇ ಎಣಿಸುವ, ಜೂಜಿನ ಅಡ್ಡೆಯಲ್ಲಿ ಇಸ್ಪೀಟೆಲೆಗಳ ಲೆಕ್ಕ ಹಿಡಿಯುವ ಆ ಅಣ್ಣನ ಪಾತ್ರಕ್ಕೆ ಹಾಫ್‌ಮನ್‌ಗೆ ಆಸ್ಕರ್ ಬಂತು. ಚಿತ್ರಕ್ಕೆ ಒಟ್ಟು 4 ಆಸ್ಕರ್. ಅಂದಿನಿಂದ ಜಗತ್ತಿನ ಅರ್ಧ ಜನಕ್ಕೆ ಆಟಿಸಂ ಅಂದರೆ ನಡೆದಾಡುವ ಲೆಕ್ಕದ ಯಂತ್ರ ಅಷ್ಟೇ.

ಆದರೆ ಆ ಪಾತ್ರಕ್ಕೆ ಸ್ಫೂರ್ತಿ ಯಾರು? ಸಾವಿರಾರು ಪುಸ್ತಕಗಳನ್ನು ಬಾಯಿಪಾಠ ಮಾಡಿದ್ದ ಅಮೆರಿಕದ ಕಿಮ್ ಪೀಕ್. 2009ರಲ್ಲಿ ತೀರಿಕೊಂಡ. ಚಿತ್ರಕಥೆ ಬರೆದ ಬ್ಯಾರಿ ಮಾರೋ ತನ್ನ ಆಸ್ಕರ್ ಪ್ರತಿಮೆಯನ್ನೇ ಆತನ ಕೈಗೆ ಕೊಟ್ಟುಬಿಟ್ಟಿದ್ದ. ಕೊನೆಗೆ ತಜ್ಞರು ಹೇಳಿದ್ದೇನು? ಕಿಮ್ ಪೀಕ್‌ಗೆ ಇದ್ದದ್ದು ಆಟಿಸಂ ಅಲ್ಲ, ಮಿದುಳಿನ ರಚನೆಯ ಬೇರೊಂದು ತೊಂದರೆ! ನೋಡಿದಿರಾ? ನಮ್ಮ ತಿಳುವಳಿಕೆಯ ಬುಡವೇ ಇಷ್ಟು ಸಡಿಲ. ಆಟಿಸಂ ಇರುವ ಎಲ್ಲರಿಗೂ ಅಂಥ ಪವಾಡದ ನೆನಪಿನ ಶಕ್ತಿ ಇರುವುದಿಲ್ಲ. ಬಹುಪಾಲು ಜನಕ್ಕೆ ಇಲ್ಲವೇ ಇಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಪಾತ್ರ ಮಾಡಿದವರನ್ನಲ್ಲ, ಅದನ್ನೇ ಬದುಕುತ್ತಿರುವವರನ್ನು.

ಲಿಯೋ ಕ್ಯಾನರ್ ಎಂಬ ವೈದ್ಯ ಆಟಿಸಂ ಬಗ್ಗೆ ತನ್ನ ಹೆಸರಾಂತ ಲೇಖನ ಬರೆದದ್ದು 1943ರಲ್ಲಿ. ಆಮೇಲೆ ದಶಕಗಟ್ಟಲೆ ಬರೆದವರೆಲ್ಲ ಹೆಚ್ಚಾಗಿ ವೈದ್ಯರು, ಅಪ್ಪ ಅಮ್ಮಂದಿರು. ಒಳಗಿನ ದನಿ ಹೊರಗೆ ಕೇಳಿಸಿದ್ದು 1986ರಲ್ಲಿ, ಟೆಂಪಲ್ ಗ್ರ್ಯಾಂಡಿನ್ ಎಂಬ ಹೆಣ್ಣುಮಗಳ ಆತ್ಮಕಥೆ ಬಂದಾಗ. ಮೂರು ವರ್ಷ ದಾಟಿದರೂ ಮಾತು ಬಾರದಿದ್ದ ಈಕೆ ಮುಂದೆ ಅಮೆರಿಕದ ಕೊಲರಾಡೊದಲ್ಲಿ ಪಶು ವಿಜ್ಞಾನದ ಪ್ರೊಫೆಸರ್ ಆದರು. ದನಗಳು ಬೆದರದಂತೆ ಸಾಗುವ ಬಾಗಿದ ಓಣಿಗಳನ್ನು ರೂಪಿಸಿ ಹೆಸರು ಮಾಡಿದರು. 2010ರಲ್ಲಿ ಇವರ ಬದುಕೇ ಟಿ.ವಿ. ಚಿತ್ರವಾಯಿತು. ಪಾತ್ರ ಮಾಡಿದ ಕ್ಲೇರ್ ಡೇನ್ಸ್‌ಗೆ ಎಮ್ಮಿ ಪ್ರಶಸ್ತಿಯೂ ಬಂತು.

ಗ್ರ್ಯಾಂಡಿನ್ ಹೇಳುವುದು ನಮ್ಮಂಥ ಸಿನಿಮಾ ಹುಚ್ಚರಿಗೆ ತಟ್ಟನೆ ಅರ್ಥವಾಗುತ್ತದೆ. ಅವರ ಯೋಚನೆ ಮಾತಿನಲ್ಲಿ ನಡೆಯುವುದಿಲ್ಲವಂತೆ, ಚಿತ್ರಗಳಲ್ಲಿ ನಡೆಯುತ್ತದಂತೆ. 'ನಾಯಿ' ಅಂದರೆ ಸಾಕು, ತಾವು ಕಂಡ ಒಂದೊಂದೇ ನಾಯಿ ತಲೆಯೊಳಗಿನ ತೆರೆಯ ಮೇಲೆ ಸಾಲಾಗಿ ಬರುತ್ತದೆ. ಸ್ಕೂಲಿನ ಗಂಟೆಯ ಸದ್ದು ಮಾತ್ರ ಹಲ್ಲಿನ ಡಾಕ್ಟರು ನರಕ್ಕೇ ಡ್ರಿಲ್ ಇಟ್ಟಂತೆ! ಯಾರಾದರೂ ಅಪ್ಪಿಕೊಳ್ಳಲಿ ಎಂಬ ಆಸೆ ಇತ್ತು. ಅಪ್ಪಿಕೊಂಡರೆ ಅದೇ ಅಲೆಯಾಗಿ ಮುಳುಗಿಸುತ್ತಿತ್ತು. ಆಮೇಲೆ ಅವರು 'ಎಲ್ಲರೂ ನನ್ನ ಹಾಗೆಯೇ ಚಿತ್ರದಲ್ಲಿ ಯೋಚಿಸುತ್ತಾರೆ ಅಂದುಕೊಂಡದ್ದು ನನ್ನ ತಪ್ಪು' ಎಂದು ಒಪ್ಪಿಕೊಂಡರು. ಅಂದರೆ ಒಬ್ಬರನ್ನು ತಿಳಿದರೆ ಒಬ್ಬರನ್ನು ತಿಳಿದಂತೆ, ಅಷ್ಟೇ. ಕೆಲವರಿಗೆ ಜೀವನವಿಡೀ ಇನ್ನೊಬ್ಬರ ಆಸರೆ ಬೇಕು, ಕೆಲವರಿಗೆ ಮಾತೇ ಬಾರದು, ಕೆಲವರು ಪ್ರೊಫೆಸರು.

ಫೈಟು ಬಂದಾಗ ಆ ಹುಡುಗ ಕಿವಿ ಮುಚ್ಚಿದ್ದು ಯಾಕೆಂದು ನನಗೆ ಹೊಳೆದದ್ದು ಆಗ. ಡೈಲಾಗಿನ ಗುಟ್ಟು ತಿಳಿದದ್ದು ಓವನ್ ಸಸ್ಕಿಂಡ್ ಎಂಬ ಇನ್ನೊಬ್ಬ ಅಮೆರಿಕನ್ ಹುಡುಗನಿಂದ. ಮೂರರ ವಯಸ್ಸಿಗೆ ಇವನ ಮಾತು ನಿಂತುಹೋಯಿತು. ಇಡೀ ದಿನ ಡಿಸ್ನಿಯ ಕಾರ್ಟೂನ್ ಚಿತ್ರಗಳನ್ನು ನೋಡುತ್ತಿದ್ದ. ಒಂದು ದಿನ ಅವನ ಅಪ್ಪ 'ಅಲ್ಲಾದೀನ್' ಚಿತ್ರದ ಗಿಳಿಯ ಬೊಂಬೆಯನ್ನು ಕೈಗೆ ಹಾಕಿಕೊಂಡು, ಅದೇ ಗಿಳಿಯ ದನಿಯಲ್ಲಿ ಮಾತಾಡಿಸಿದರು. ಹುಡುಗ ತಿರುಗಿ ಮಾತಾಡಿದ! ಏನು ಹೇಳಿದ ಗೊತ್ತೇ? ನನಗೆ ಗೆಳೆಯರೇ ಇಲ್ಲ ಅಂತ. ಅವನ ಕಥೆ 2016ರಲ್ಲಿ 'ಲೈಫ್, ಆನಿಮೇಟೆಡ್' ಎಂಬ ಸಾಕ್ಷ್ಯಚಿತ್ರವಾಗಿ ಆಸ್ಕರ್ ಸ್ಪರ್ಧೆಯ ಕಣಕ್ಕೂ ಹೋಯಿತು. ಅದರಲ್ಲಿ ದೊಡ್ಡವನಾದ ಓವನ್ ಫ್ರಾನ್ಸಿನ ಸಭೆಯೊಂದರಲ್ಲಿ ನಿಂತು ಹೇಳುತ್ತಾನೆ: ಆಟಿಸಂ ಇರುವವರಿಗೆ ಜನರ ಸಂಗ ಬೇಡ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅದು ತಪ್ಪು ಎಂದು. ಅವನಿಗೆ ಇಷ್ಟವಾದದ್ದು ಹೀರೋಗಳಲ್ಲ, ಹೀರೋನ ಪಕ್ಕದಲ್ಲಿ ನಿಲ್ಲುವ ಗೆಳೆಯರ ಪಾತ್ರಗಳು. ಅವನ್ನೇ ಕೂತು ಚಿತ್ರ ಬಿಡಿಸುತ್ತಿದ್ದ.

ನಾವೂ ಅಷ್ಟೇ ಅಲ್ಲವೇ? ಗೆಳೆಯನಿಗೆ ಧೈರ್ಯ ಹೇಳುವಾಗ, ಹುಡುಗಿ ಕೈಕೊಟ್ಟಾಗ, ನಮ್ಮ ಬಾಯಲ್ಲಿ ಬರುವುದೂ ಯಾವುದೋ ಸಿನಿಮಾದ ಮಾತೇ. ನಾವು ಹೇಳಿದರೆ ಅಭಿಮಾನ, ಆ ಹುಡುಗ ಹೇಳಿದರೆ ಹುಚ್ಚು! ಇದು ಯಾವ ನ್ಯಾಯ?

ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ, ತನ್ನಲ್ಲೇ ಮುಳುಗಿದವನು ಎಂಬಂತೆ. ಇದು ಹುಚ್ಚಲ್ಲ, ಅಂಟುರೋಗವಲ್ಲ, ಹೆತ್ತವರ ತಪ್ಪೂ ಅಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲೂ ಇದರ ಹೆಸರಿದೆ. ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಇರುವ ಲೇಖಕರು 1993ರಲ್ಲೇ ಹೆತ್ತವರಿಗೆ ತಿಳಿಹೇಳಿದ್ದರು: ನಮಗಾಗಿ ಸೂತಕ ಹಿಡಿಯಬೇಡಿ, ನಾವು ಸತ್ತಿಲ್ಲ, ಇಲ್ಲೇ ಇದ್ದೇವೆ ಎಂಬ ಅರ್ಥದಲ್ಲಿ.

ಅಮೆರಿಕದ ಎ.ಎಂ.ಸಿ. ಥಿಯೇಟರುಗಳಲ್ಲಿ 2007ರಿಂದ ಇಂಥವರಿಗಾಗಿ ವಿಶೇಷ ಆಟಗಳು ನಡೆಯುತ್ತಿವೆ. ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ಕಡಿಮೆ. ಎದ್ದು ಓಡಾಡಬಹುದು, ಕುಣಿಯಬಹುದು, ಕೂಗಬಹುದು. ಓಡಾಟ, ಕುಣಿತ, ಕೂಗಾಟ... ನಮ್ಮ ಫಸ್ಟ್ ಡೇ ಫಸ್ಟ್ ಶೋನಲ್ಲಿ ನಾವು ಮಾಡುವುದೂ ಅದೇ ಸ್ವಾಮಿ! ಅಷ್ಟು ಜಾಗ ನಮಗಿದ್ದ ಮೇಲೆ, ಕಿವಿ ಮುಚ್ಚಿಕೊಂಡು ತೂಗಾಡುವ ಒಬ್ಬ ಹುಡುಗನಿಗೆ ಜಾಗ ಇಲ್ಲವೇ?

ಮುಂದೆ ನಿಮ್ಮ ಪಕ್ಕದಲ್ಲಿ ಯಾರಾದರೂ ಒಂದೇ ಡೈಲಾಗನ್ನು ಮತ್ತೆ ಮತ್ತೆ ಹೇಳುತ್ತಿದ್ದರೆ ನಗಬೇಡಿ. ಯಾವ ಡೈಲಾಗು ಅಂತ ಕಿವಿಗೊಟ್ಟು ಕೇಳಿ. ಅದರಲ್ಲಿ ಒಂದು ಸುದ್ದಿ ಇರಬಹುದು.

ಕೊನೆಗೆ ಆ ಹುಡುಗನ ಅಣ್ಣನಿಗೆ ಒಂದು ಮಾತು. ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ಈ ಸಂಚಿಕೆ ನಿನ್ನ ಕೈಗೆ ಸಿಕ್ಕರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಪ್ಪಾ. ಅವತ್ತು ನಿಮ್ಮಿಬ್ಬರಿಗೆ ಅರ್ಧ ಸಿನಿಮಾ ತಪ್ಪಿಹೋಯಿತು. ಮೂರು ಟಿಕೆಟ್ ನಾನು ತೆಗೀತೀನಿ. ನಿನ್ನ ತಮ್ಮನ ಪಕ್ಕದ ಸೀಟು ನನಗಿರಲಿ.

ಮುಂದಿನ ವಾರ ಮತ್ತೆ ಸಿಗೋಣ. ಬೆಲ್ ಆಯ್ತು, ಒಳಗೆ ನಡೀರಿ!